ಮಿತವಿದ್ಯುತ್ತಿನ ಹಳೆಯ ಪ್ರೊಸೆಸರುಗಳು: ಒಂದು ತಾರತಮ್ಯವಿಚಾರ

ಹೊಸ ಲ್ಯಾಪ್‌ಟಾಪಿಗೆ ಹಣ ತೆರಲಾರದ ಗೃಹಸ್ಥರು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಳೆಯ ಯಂತ್ರವೊಂದನ್ನು ಕೊಳ್ಳುವುದೂ, ಅಟ್ಟದ ಮೇಲೆ ಬಿದ್ದಿರುವುದನ್ನು ಕೆಳಗಿಳಿಸಿ ದುರಸ್ತಿ ಮಾಡಿಸುವುದೂ ಈಗ ಸರ್ವಸಾಮಾನ್ಯವಾಗಿದೆ. ಇಂಥ ವ್ಯವಹಾರದಲ್ಲಿ ಮಾರುವವನು ಮುಂದಿಡುವುದು ಬಹುಮಟ್ಟಿಗೆ ಗಿಗಾಹರ್ಟ್ಸ್ ಎಂಬ ಒಂದೇ ಸಂಖ್ಯೆಯನ್ನು. ಅದೊಂದನ್ನೇ ನಂಬಿ ಹಣ ತೆತ್ತವರು ಬಳಿಕ ಪರಿತಪಿಸುವುದುಂಟು. ಆದಕಾರಣ ಆ ಸಂಖ್ಯೆಯ ನಿಜಾರ್ಥವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಉದಾಹರಣಾರ್ಥವಾಗಿ ಮೂರು ಪ್ರೊಸೆಸರುಗಳನ್ನು ತೆಗೆದುಕೊಳ್ಳಬಹುದು. ಮೊದಲನೆಯದು ಇಂಟೆಲ್ ಸಂಸ್ಥೆಯವರು 2003ರಲ್ಲಿ ಹೊರತಂದ ಪೆಂಟಿಯಮ್ ಎಂ ಶ್ರೇಣಿಯದು. ಎರಡನೆಯದು ಅವರದೇ ಆದ 2008ರ ಆಟಮ್ ಎನ್270. ಮೂರನೆಯದು ಎಎಂಡಿ ಸಂಸ್ಥೆಯವರ 2011ರ ಇ-350. ಮೂರರ ವೇಗವೂ 1.6 ಗಿಗಾಹರ್ಟ್ಸ್, ಅರ್ಥಾತ್ ಸೆಕೆಂಡಿಗೆ 160 ಕೋಟಿ ಮಿಡಿತಗಳು. ಆದರೆ ಉಷ್ಣದ ಲೆಕ್ಕದಲ್ಲಿ ಮೊದಲನೆಯದಕ್ಕೆ 24.5 ವಾಟ್, ಎರಡನೆಯದಕ್ಕೆ 2.5 ವಾಟ್, ಮೂರನೆಯದಕ್ಕೆ 18 ವಾಟ್ ಎಂದು ನಿಗದಿಯಾಗಿದೆ. ವೇಗವು ಸಮಾನವಾಗಿರಲು ವ್ಯಯವು ಹತ್ತರಲ್ಲೊಂದಾದ ಆಟಮ್ಮೇ ಶ್ರೇಷ್ಠವಲ್ಲವೇ ಎಂದು ವಾಚಕರಿಗೆ ತೋರುವುದು ಸಹಜ. ವಸ್ತುಸ್ಥಿತಿ ಬೇರೆಯಾಗಿದೆ.

ನಮ್ಮ ಶಾಸ್ತ್ರಕಾರರಲ್ಲಿ ಸೂಚೀಕಟಾಹನ್ಯಾಯವೆಂಬುದೊಂದುಂಟು. ಕಮ್ಮಾರನ ಬಳಿ ಮೊದಲು ಬಂದವನು ಕಡಾಯಿಯನ್ನೂ, ಅನಂತರ ಬಂದವನು ಸೂಜಿಯನ್ನೂ ಕೇಳಿದರೆ, ಜಾಣನಾದ ಕಮ್ಮಾರನು ಸೂಜಿಯನ್ನು ಮೊದಲು ಮುಗಿಸಿ ಕಳುಹಿಸುತ್ತಾನೆ. ಪೆಂಟಿಯಮ್ ಎಂ ಮತ್ತು ಇ-350 ನಡೆಯುವುದು ಈ ರೀತಿಯಲ್ಲಿ. ಒಂದು ಆದೇಶಕ್ಕೆ ಬೇಕಾದ ಅಂಶವು ಸ್ಮೃತಿಕೋಶದಿಂದ ಬರಲು ತಡವಾದರೆ, ಸಿದ್ಧವಾಗಿರುವ ಮುಂದಿನ ಆದೇಶಗಳನ್ನು ಅವು ಮುಗಿಸಿಕೊಳ್ಳುತ್ತವೆ. ಫಲಿತಾಂಶಗಳನ್ನು ಮಾತ್ರ ಕೊನೆಯಲ್ಲಿ ಕ್ರಮವಾಗಿ ಜೋಡಿಸುತ್ತವೆ. ಆಟಮ್ ಎನ್270 ಹಾಗಲ್ಲ. ಸರದಿಯನ್ನು ಮೀರದೆ ಕಾಯುತ್ತದೆ. ಎರಡು ಕಾರ್ಯಸರಣಿಗಳನ್ನು ಕೈಗೆತ್ತಿಕೊಂಡು, ಒಂದು ನಿಂತಾಗ ಮತ್ತೊಂದನ್ನು ನಡೆಸುವ ಉಪಾಯವು ಅದಕ್ಕೆ ಇದೆಯಾದರೂ, ಒಂದೊಂದು ಮಿಡಿತದಲ್ಲಿ ಅದು ಮಾಡುವ ಕೆಲಸವು ಕಡಿಮೆಯೇ. ಸರದಿ ಬದಲಾಯಿಸುವ ಚಾತುರ್ಯಕ್ಕೆ ವಿದ್ಯುತ್ತು ಬೇಕು; ಅದನ್ನು ಉಳಿಸುವುದಕ್ಕಾಗಿಯೇ ನಿರ್ಮಾಪಕರು ಆ ಚಾತುರ್ಯವನ್ನು ತೊರೆದರು.

ಈ ಮಂದಗತಿಯಿಂದ ಒಂದು ಲಾಭವೂ ಆಯಿತು. 2018ರಲ್ಲಿ ಮೆಲ್ಟ್‌ಡೌನ್ ಎಂಬ ರಕ್ಷಣಾಲೋಪವು ಪ್ರಕಟವಾಗಿ ಇಂಟೆಲ್ಲಿನ ಅನೇಕ ಪ್ರೊಸೆಸರುಗಳು ಅದಕ್ಕೆ ತುತ್ತಾದಾಗ, ಸರದಿ ಮೀರದ ಈ ಹಳೆಯ ಆಟಮ್‌ಗಳು ಪಾರಾದವು.

ಇನ್ನು ವಾಟ್ ಎಂಬ ಅಂಕದ ವಿಷಯ. ಅದು ಪ್ರೊಸೆಸರಿನಿಂದ ಎಷ್ಟು ಶಾಖವನ್ನು ಹೊರಗಟ್ಟುವ ಏರ್ಪಾಡಿರಬೇಕೆಂಬುದರ ಅಳತೆಯೇ ಹೊರತು ಇಡೀ ಯಂತ್ರದ ವ್ಯಯವಲ್ಲ. ಎನ್270ರ ಜೊತೆಯಲ್ಲಿರುತ್ತಿದ್ದ 945ಜಿಎಸ್‌ಇ ಎಂಬ ಸಹಾಯಕ ಚಿಪ್ಪು ಪ್ರೊಸೆಸರಿಗಿಂತಲೂ ಹೆಚ್ಚು ವಿದ್ಯುತ್ತನ್ನು ಬಳಸುತ್ತಿತ್ತು. ಪಲ್ಲಕ್ಕಿಯಲ್ಲಿ ಕುಳಿತವನು ಹಗುರವಾದರೂ ಹೊರುವವರು ಪಲ್ಲಕ್ಕಿಯ ಭಾರವನ್ನೂ ಹೊರಬೇಕಷ್ಟೆ! ಇ-350ರ 18 ವಾಟ್‌ನಲ್ಲಿಯಾದರೋ ಎರಡು ಕೋರುಗಳಲ್ಲದೆ ಚಿತ್ರಗಳನ್ನು ಮೂಡಿಸುವ ಭಾಗವೂ ಸೇರಿದೆ. ಆದುದರಿಂದಲೇ ಸ್ಪಷ್ಟವಾದ ಚಲಚ್ಚಿತ್ರಪಾಠಗಳನ್ನು ಅದು ತಡೆಯಿಲ್ಲದೆ ತೋರಿಸಬಲ್ಲದು.

ಸಂಖ್ಯೆಯ ಭ್ರಮೆಯನ್ನು ಪೂರ್ಣವಾಗಿ ಕಳೆಯತಕ್ಕದ್ದು 2009ರ ಕೋರ್ 2 ಡ್ಯುಯೋ ಎಸ್‌ಯು7300. ಇದರ ವೇಗ 1.3 ಗಿಗಾಹರ್ಟ್ಸ್ ಮಾತ್ರ. ಉಷ್ಣದ ಮಿತಿ 10 ವಾಟ್. ಆದರೂ ಎರಡು ಸಮರ್ಥವಾದ ಕೋರುಗಳೂ 3 ಮೆಗಾಬೈಟ್‌ಗಳಷ್ಟು ಹತ್ತಿರದ ಸ್ಮೃತಿಯೂ ಇರುವುದರಿಂದ, ನಿತ್ಯದ ಕೆಲಸಗಳಲ್ಲಿ ಇದು ಎನ್270ನ್ನು ಬಹುದೂರ ಹಿಂದಿಕ್ಕುತ್ತದೆ. ಗಣಿತದ ಕೆಲಸದಲ್ಲಿ ಇ-350ಕ್ಕೂ ಮಿಗಿಲಾಗಿದೆ.

ಕೊಳ್ಳುವವರು ವಿಚಾರಿಸತಕ್ಕ ಇನ್ನೊಂದು ಅಂಶವಿದೆ. ಪೆಂಟಿಯಮ್ ಎಂ ಶ್ರೇಣಿಯವೂ ಎನ್270ಯೂ 32 ಬಿಟ್‌ನವು. ಎನ್270ರ ಯಂತ್ರಗಳಿಗೆ 2 ಗಿಗಾಬೈಟ್‌ಗಿಂತ ಹೆಚ್ಚು ರ್‍ಯಾಮ್ ಹಾಕಲಾಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಮೇಲೆ ಹೇಳಿದ ಯಾವುದೂ ಅರ್ಹವಲ್ಲ. ಲಿನಕ್ಸ್ ಬಳಗದ ಡೆಬಿಯನ್ ಸಹ 2025ರ ತನ್ನ 13ನೆಯ ಆವೃತ್ತಿಯಿಂದ 32 ಬಿಟ್ ಯಂತ್ರಗಳಿಗೆ ಅನುಸ್ಥಾಪಕವನ್ನು ಒದಗಿಸುವುದನ್ನು ನಿಲ್ಲಿಸಿದೆ. ಇ-350 ಮತ್ತು ಎಸ್‌ಯು7300 ಮಾತ್ರ 64 ಬಿಟ್‌ನವಾದ್ದರಿಂದ, 4 ಗಿಗಾಬೈಟ್ ರ್‍ಯಾಮನ್ನೂ ಒಂದು ಎಸ್‌ಎಸ್‌ಡಿಯನ್ನೂ ಹಾಕಿ, ಹಗುರವಾದ ಲಿನಕ್ಸನ್ನು ಅಳವಡಿಸಿದರೆ, ಇನ್ನೂ ಕೆಲವು ಕಾಲ ಉಪಯುಕ್ತವಾಗಿರುತ್ತವೆ.

ಹೀಗಿರುವುದರಿಂದ ನಿರ್ಣಯವು ಕಷ್ಟವಲ್ಲ. ಮಗುವು ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ನೋಡಬೇಕಾಗಿದ್ದರೆ ಆಟಮ್ ಎನ್270ಕ್ಕೆ ಎಷ್ಟು ಅಲ್ಪಬೆಲೆಯೂ ಅಧಿಕವೇ. ಮನೆಯ ಹಿರಿಯರು ಕನ್ನಡದಲ್ಲಿ ಬೆರಳಚ್ಚು ಮಾಡುವುದಕ್ಕೂ ಜಮಾಖರ್ಚು ಬರೆಯುವುದಕ್ಕೂ ಅದು ಸಾಕು. ಇಂಟರ್ನೆಟ್ಟಿನ ಸಂಪರ್ಕವಿಲ್ಲದೆ ಬಳಸುವುದು ಕ್ಷೇಮ. ಯಾವ ಯಂತ್ರವಾದರೂ ಮೊದಲು ಬ್ಯಾಟರಿಯನ್ನು ತೆಗೆದು ನೋಡಿರಿ. ಉಬ್ಬಿದ್ದರೆ ಅದನ್ನು ಮನೆಯಲ್ಲಿಡಬಾರದು. ಬಳಿಕ ಪ್ರೊಸೆಸರಿನ ಹೆಸರು, ಹುಟ್ಟಿದ ವರ್ಷ, ಬಿಟ್, ರ್‍ಯಾಮಿನ ಮಿತಿ ಈ ನಾಲ್ಕನ್ನು ಕೇಳಿ ಬರೆದುಕೊಳ್ಳಿರಿ. ಗಿಗಾಹರ್ಟ್ಸನ್ನು ಕೊನೆಯಲ್ಲಿ ಕೇಳಿದರೆ ಸಾಕು.