ಹಳೆಯ ಮಾರುತಿ ಕಾರಿಗೆ ಬೇಸಿಗೆಯ ಆರೈಕೆ



ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಮಾರುತಿ 800 ಕಾರು ಇಂದಿಗೂ ಕಾಣಸಿಗುತ್ತದೆ. 1983ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಕೊನೆಗೆ ಬಂದ ಕಾರಿಗೂ ಈಗ ಹತ್ತು ವರ್ಷ ಮೀರಿದೆ. ಆದರೂ ನಡುರಾತ್ರಿ ಹೆರಿಗೆ ನೋವು ಬಂದವಳನ್ನು ಬಳ್ಳಾರಿಗೆ ಮುಟ್ಟಿಸಬೇಕಾದಾಗ ಮನೆಯ ಮುಂದೆ ನಿಂತಿರುವುದು ಇದೇ. ಅದು ದಾರಿಯಲ್ಲಿ ಕುದಿದು ನಿಲ್ಲಬಾರದು.

ಎಂಜಿನ್ನಿನಲ್ಲಿ ಹುಟ್ಟುವ ಕಾವನ್ನು ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿ ಗಾಳಿಗೆ ಆರಿ ಮರಳಿ ಎಂಜಿನ್ನಿಗೆ ಹೋಗುತ್ತದೆ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹೊರಗಿನ ಗಾಳಿಯೇ ಬಿಸಿ. ಆಗ ನೀರಿನ ಓಟಕ್ಕೆ ಸ್ವಲ್ಪ ತಡೆಯಾದರೂ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುವ ಭಯವುಂಟು. ಗ್ಯಾಸ್ಕೆಟ್ಟಿನ ಬೆಲೆ ದೊಡ್ಡದಲ್ಲ. ಹೆಡ್ ಬಿಚ್ಚಿ ಸರಿಪಡಿಸುವ ಖರ್ಚು ದೊಡ್ಡದು.

ಅನೇಕರು ಮಾಡುವ ತಪ್ಪು, ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುವುದು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವುದನ್ನು ನೀವು ನೋಡಿದ್ದೀರಿ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಕೂಲೆಂಟನ್ನೇ ಹಾಕಿರಿ. ಗಟ್ಟಿ ಕೂಲೆಂಟ್ ತಂದಿದ್ದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರು ಬೆರೆಸಿರಿ. ಅದು ತುಕ್ಕನ್ನೂ ತಡೆಯುತ್ತದೆ.

ಇನ್ನು ರೇಡಿಯೇಟರಿನ ಹೊರಮೈ. ಸಿರುಗುಪ್ಪದ ಕಾಲುವೆ ಕೆಳಗೆ ಭತ್ತದ ಕೊಯ್ಲು ನಡೆದಾಗ ಹೊಟ್ಟು, ಹುಲ್ಲಿನ ಧೂಳು, ಹುಳುಗಳು ಅದರ ತೆಳು ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತವೆ. ಎಂಜಿನ್ ಆರಿದ ಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಮಾಡುವ ಕಡೆಯ ಜೋರು ನೀರಿಗೆ ರೆಕ್ಕೆಗಳು ಮಡಚಿಹೋಗುತ್ತವೆ. ಗಾಳಿಯ ಫಿಲ್ಟರನ್ನೂ ಅಂದೇ ತೆಗೆದು ಧೂಳು ಕೊಡವಿರಿ, ಕರಿಬಿದ್ದಿದ್ದರೆ ಬದಲಿಸಿರಿ.

ಫ್ಯಾನು ತಿರುಗುವುದೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಕಾರನ್ನು ನಿಂತಲ್ಲೇ ಚಾಲೂ ಇಡಿರಿ. ಕಾವಿನ ಮುಳ್ಳು ನಡುವಿಗಿಂತ ಮೇಲೇರಿದರೂ ಫ್ಯಾನು ತಿರುಗದಿದ್ದರೆ ಎಂಜಿನ್ ನಿಲ್ಲಿಸಿ ಮೊದಲು ಫ್ಯೂಸು, ಬಳಿಕ ವೈರಿನ ಜೋಡಣೆ ನೋಡಿರಿ. ಕೆಲವು ಮೇಸ್ತ್ರಿಗಳು ಕುದಿಯುವ ಕಾರಿಗೆ ಥರ್ಮೋಸ್ಟಾಟ್ ಕಿತ್ತೆಸೆಯುವುದೇ ಮದ್ದೆನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅದಿಲ್ಲದ ಎಂಜಿನ್ ಬೇಗ ಹದಕ್ಕೆ ಬಾರದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿರಿ.

ಇಷ್ಟಾಗಿಯೂ ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ನೆರಳು ನೋಡಿ ನಿಲ್ಲಿಸಿ ಎಂಜಿನ್ ಆರಿಸಿರಿ. ಬಾನೆಟ್ ತೆರೆಯಬಹುದು, ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬೇಡಿರಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಅವಸರದಲ್ಲಿ ಹೀಗೆ ಮುಖ, ಕೈ ಸುಟ್ಟುಕೊಂಡವರಿದ್ದಾರೆ. ಅರ್ಧ ಗಂಟೆಯಾದರೂ ಕಾಯಿರಿ. ಮೇಲಿನ ಹೋಸು ಕೈಗೆ ತಣ್ಣಗೆ ಹತ್ತಿದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆರೆಯಿರಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಹೊರಡುವ ಮುನ್ನ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿರಿ. ಆಯಿಲು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದರೊಳಗೆ ನೀರು ಸೇರಿದೆ. ಆ ಕಾರನ್ನು ಮತ್ತೆ ಚಾಲೂ ಮಾಡದೆ ಎಳೆಸಿಕೊಂಡು ಹೋಗಿರಿ. ಒಳಗೆ ರೋಗಿಯಿದ್ದರೆ ಕಾರಿನ ಗೊಡವೆ ಬಿಟ್ಟು 108ಕ್ಕೆ ಫೋನು ಮಾಡಿರಿ.

ಹಳೆಯ ಕೂಲೆಂಟನ್ನು ಹಿತ್ತಿಲಲ್ಲಾಗಲಿ ಕಾಲುವೆಯಲ್ಲಾಗಲಿ ಚೆಲ್ಲಬಾರದು. ರುಚಿಗೆ ಸಿಹಿಯಾದ ಈ ವಿಷವನ್ನು ನಾಯಿ, ಕರುಗಳು ನೆಕ್ಕುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಮಕ್ಕಳ ಕೈಗೆಟುಕದಂತೆ ಇಟ್ಟು, ಗ್ಯಾರೇಜಿಗೆ ಹೋದಾಗ ಒಪ್ಪಿಸಿರಿ.