ಹಿಂದಿನ ಸಾಲಿನ ಆಟಗಾರ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಾಲ್ಚೆಂಡಾಟವನ್ನು ನೋಡುವವರ ಕಣ್ಣು ಸಾಮಾನ್ಯವಾಗಿ ಚೆಂಡಿನ ಹಿಂದೆಯೇ ಓಡುತ್ತದೆ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಗೋಲಾಗದಂತೆ ತಡೆದವನ ಹೆಸರು ಹನ್ನೊಂದು ಹೆಸರುಗಳ ಪಟ್ಟಿಯಲ್ಲಿ ಎಲ್ಲೋ ಸೇರಿಹೋಗುತ್ತದೆ. ಆದಕಾರಣ ಹಿಂದಿನ ಸಾಲಿನಲ್ಲಿ ನಿಂತು ಆಡುವವರ ವಿಷಯವಾಗಿ ಬರೆಯುವವರೂ ಕಡಿಮೆ, ಓದುವವರೂ ಕಡಿಮೆ. ಈ ಲೇಖನದಲ್ಲಿ ಅಂತಹ ಒಬ್ಬ ಆಟಗಾರನ ವೃತ್ತಿಜೀವನವನ್ನು ವಿವರಿಸಿ, ಆಟಗಾರನು ಒಂದು ಕ್ಲಬ್ಬಿನಿಂದ ಮತ್ತೊಂದು ಕ್ಲಬ್ಬಿಗೆ ಹೋಗುವ ಕ್ರಮವೇನು, ಅದರಿಂದ ಅವನ ಅನ್ನಕ್ಕೆ ದಾರಿಯಾಗುವುದೆಷ್ಟು ಎಂಬುದನ್ನು ನಮ್ಮ ಕಾಲೇಜಿನ ಸೋದರ ಸೋದರಿಯರ ಮುಂದಿಡಬೇಕೆಂದಿದ್ದೇನೆ.

ಇದು ಬರಿಯ ಕುತೂಹಲದಿಂದ ಹುಟ್ಟಿದ ಲೇಖನವಲ್ಲ. ನಮ್ಮ ಕಾಲೇಜಿನ ತಂಡದಲ್ಲಿ ರಾಮನಗರದವರಲ್ಲದೆ ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಬರುವ ಹುಡುಗರಿದ್ದಾರೆ. ಒಬ್ಬನ ತಂದೆ ಬೊಂಬೆಗೆ ಅರಗಿನ ಬಣ್ಣ ಹಾಕುವವರು, ಇನ್ನೊಬ್ಬನ ತಂದೆ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರು. ನನ್ನ ತಂದೆ ರೇಷ್ಮೆ ನೂಲು ತೆಗೆಯುವ ಕೆಲಸಗಾರರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸಂಜೆ ಆಡಿ ಮಣ್ಣು ಮೆತ್ತಿಕೊಂಡು ಮನೆಗೆ ಹೋದರೆ, “ಅದನ್ನ ಒದ್ರೆ ಯಾರ್ ಸಂಬ್ಳ ಕೊಡ್ತಾರೆ ಮಗ?” ಎಂದು ತಾಯಿ ಕೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯೂ ಆ ಮಾತಿನ ಹಿಂದೆಯೇ ಬರುತ್ತದೆ. ಆ ಪ್ರಶ್ನೆಗೆ ನೇರವಾದ ಉತ್ತರ ಹುಡುಕಲು ಹೊರಟಾಗ ದೊರೆತ ಸಂಗತಿಗಳೇ ಇವು.

ಮೊದಲು ಆ ಸ್ಥಾನದ ವಿಷಯ. ಹಿಂದೆ ತಂಡವೆಂದರೆ ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬ ಲೆಕ್ಕವಿತ್ತು. ಎದುರಾಳಿಯು ಆಫ್‌ಸೈಡ್ ಆಗದಿರಬೇಕಾದರೆ ಅವನ ಮುಂದೆ ಮೂವರು ಇರಬೇಕೆಂಬ ನಿಯಮವನ್ನು 1925ರಲ್ಲಿ ಬದಲಾಯಿಸಿ ಇಬ್ಬರಿದ್ದರೆ ಸಾಕೆಂದು ಮಾಡಿದರು. ಮುನ್ನುಗ್ಗುವವರಿಗೆ ಇದರಿಂದ ದಾರಿ ಸುಲಭವಾಯಿತು. ಗೋಲುಗಳ ಮಳೆಯೇ ಸುರಿಯಿತು. ಅದನ್ನು ತಡೆಯುವುದಕ್ಕಾಗಿ ನಡುವಿನ ಹಾಫ್‌ಬ್ಯಾಕನ್ನು ಹಿಂದಕ್ಕೆ ಕರೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದರು. ಅವನೇ ‘ಸ್ಟಾಪರ್’. ನಮ್ಮ ಮೈದಾನಗಳಲ್ಲಿ ಇಂದಿಗೂ ಹುಡುಗರು ಬಳಸುವ ಮಾತು ಅದೇ. ಈಗ ಸಾಮಾನ್ಯವಾಗಿ ನಾಲ್ವರು ಹಿಂದೆ ನಿಲ್ಲುತ್ತಾರೆ. ಅವರು ಒಂದೇ ಗೆರೆಯಾಗಿ ಮುಂದಕ್ಕೂ ಹಿಂದಕ್ಕೂ ಸರಿಯಬೇಕು. ಒಬ್ಬನು ಎರಡು ಹೆಜ್ಜೆ ಹಿಂದುಳಿದರೂ ಎದುರಾಳಿಗೆ ಬಾಗಿಲು ತೆರೆದಂತೆ. ಹೀಗೆ ಆಡುವವನಿಗೆ ಓಟಕ್ಕಿಂತ ತಾಳ್ಮೆ ಹೆಚ್ಚು ಬೇಕು. ನಾನು ಸ್ವತಃ ಆ ಸ್ಥಾನದಲ್ಲಿ ಆಡುವವನಾದ್ದರಿಂದ ಈ ಮಾತನ್ನು ಸ್ವಲ್ಪ ಧೈರ್ಯದಿಂದ ಹೇಳಬಲ್ಲೆ.

ನಮ್ಮ ನಾಡಿಗೆ ಈ ಆಟ ಹೊಸದೇನೂ ಅಲ್ಲ. ಸ್ವತಂತ್ರ ಭಾರತವು ಒಲಿಂಪಿಕ್ಸ್‌ನಲ್ಲಿ ಹೊಡೆದ ಮೊದಲ ಗೋಲು 1948ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕಾಲಿನಿಂದ ಬಂದಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದಾಗ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಅಹ್ಮದ್ ಖಾನ್. ಹಿಂದಿನ ಸಾಲಿಗೆ ಹತ್ತಿರವಾದ ಹಾಫ್‌ಬ್ಯಾಕ್ ಸ್ಥಾನದಲ್ಲಿ ನಮ್ಮವರಾದ ಕೆಂಪಯ್ಯನವರು 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ತಂಡದಲ್ಲಿದ್ದರು. ಮೆಲ್ಬರ್ನಿನಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆತುದು ಎಲ್ಲರಿಗೂ ತಿಳಿದ ವಿಷಯ. ಅಹ್ಮದ್ ಖಾನರು ಈಸ್ಟ್ ಬೆಂಗಾಲಿಗೂ, ಕೆಂಪಯ್ಯನವರು ಮೋಹನ್ ಬಾಗಾನಿಗೂ ಕಲ್ಕತ್ತೆಯಲ್ಲಿ ಆಡಿದರು.

ಆ ಕಾಲದಲ್ಲಿ ಆಟಗಾರನು ಹೆಸರಿಗೆ ಹವ್ಯಾಸಿ. ಅವನ ಮನೆ ನಡೆಸುತ್ತಿದ್ದುದು ರೈಲ್ವೆ, ಸೇನೆ ಅಥವಾ ಕಾರ್ಖಾನೆಯ ನೌಕರಿ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ಚೆನ್ನಾಗಿ ಆಡುವ ಹುಡುಗರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಮೊಣಕಾಲು ಮುರಿದರೂ ಮೇಜು ಕುರ್ಚಿ ಉಳಿಯುತ್ತಿತ್ತು. ನಿವೃತ್ತಿಯ ನಂತರ ಕೈಗೆ ನಾಲ್ಕು ಕಾಸು ಬರುತ್ತಿತ್ತು. ಮೈಸೂರು ರಾಜ್ಯದ ತಂಡವು 1946-47, 1952-53, 1967-68, 1968-69 ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದ ಕಾಲವದು. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮವರು ಅದನ್ನು ತಂದರು.

ಈ ಏರ್ಪಾಡು ಕ್ರಮೇಣ ಬದಲಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಯಿತು. 2007ರಲ್ಲಿ ಅದು ಐ-ಲೀಗ್ ಆಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದಿತು. ಕ್ಲಬ್ಬು ಹೀಗಿರಬೇಕು, ಹಾಗಿರಬೇಕು ಎಂಬ ಪರವಾನಗಿ ನಿಯಮಗಳು ಬಿಗಿಯಾದ ಮೇಲೆ 2013ರಲ್ಲಿ ಏರ್ ಇಂಡಿಯಾ ಮತ್ತು ಓ.ಎನ್.ಜಿ.ಸಿ. ತಂಡಗಳು ಐ-ಲೀಗಿನಿಂದ ಹೊರಬಿದ್ದವು. ಅದೇ ವರ್ಷ ಬೆಂಗಳೂರಿನಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ಕ್ಲಬ್ಬು ಹುಟ್ಟಿ, ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ನೌಕರಿಯ ಆಟಗಾರ ಹೋಗಿ ಕರಾರಿನ ಆಟಗಾರ ಬಂದನು.

ಈ ಹೊಸ ಕಾಲದ ರಕ್ಷಣಾ ಆಟಗಾರನಿಗೆ ಒಳ್ಳೆಯ ನಿದರ್ಶನ ರಾಹುಲ್ ಭೇಕೆ. ಇವರು 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು; ಕನ್ನಡಿಗರಲ್ಲ. ಆದರೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆಡಿ ನಮ್ಮವರೇ ಎನಿಸಿಕೊಂಡವರು. ಆರಂಭದ ದಿನಗಳಲ್ಲಿ ಆಡಿದ್ದು ಏರ್ ಇಂಡಿಯಾ ತಂಡಕ್ಕೆ. ಅದು ಲೀಗಿನಿಂದ ಹೊರಬಿದ್ದುದನ್ನು ಮೇಲೆ ಹೇಳಿದೆ. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲನ್ನು ಸೇರಿದರು. ಅಲ್ಲಿದ್ದಾಗಲೇ 2015ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ, 2016ರಲ್ಲಿ ಪುಣೆ ಸಿಟಿಗೆ ಎರವಲು ಹೋದರು. ಈ ಎರವಲೆಂಬುದು ನಮ್ಮ ಹಳ್ಳಿಯವರಿಗೆ ಅಪರಿಚಿತವೇನಲ್ಲ. ಉಳುಮೆಯ ಕಾಲದಲ್ಲಿ ಪಕ್ಕದ ಮನೆಯ ಎತ್ತನ್ನು ಕೇಳಿ ತಂದು, ಉತ್ತಷ್ಟು ದಿನ ಮೇವು ಹಾಕಿ, ಮತ್ತೆ ಒಡೆಯನ ಕೊಟ್ಟಿಗೆಗೆ ಬಿಡುವುದಿಲ್ಲವೆ? ಆಗ ಸೂಪರ್ ಲೀಗ್ ವರ್ಷದ ಕೊನೆಯ ಸುಮಾರು ಮೂರು ತಿಂಗಳು ಮಾತ್ರ ನಡೆಯುತ್ತಿತ್ತು. ಅದು ಮುಗಿದ ಮೇಲೆ ಐ-ಲೀಗ್. ಆದುದರಿಂದ ಒಬ್ಬ ಆಟಗಾರನು ವರ್ಷದಲ್ಲಿ ಎರಡು ಬಣ್ಣದ ಅಂಗಿ ತೊಡುವುದು ಸಾಧ್ಯವಾಗುತ್ತಿತ್ತು.

2017ರಲ್ಲಿ ಬೆಂಗಳೂರು ಎಫ್.ಸಿ. ಸೂಪರ್ ಲೀಗನ್ನು ಸೇರಿತು. ಆ ಜುಲೈನಲ್ಲಿ ಮುಂಬಯಿಯಲ್ಲಿ ಭಾರತೀಯ ಆಟಗಾರರನ್ನು ಹಂಚಿಕೊಳ್ಳುವ ಏರ್ಪಾಡೊಂದು ನಡೆಯಿತು. ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಲಾಟಿಗೆ ಬೆಲೆ ಏರಿಸಿದಂತೆ ಅಲ್ಲಿ ಹರಾಜಿರಲಿಲ್ಲ. ಪ್ರತಿಯೊಬ್ಬನ ಬೆಲೆ ಮೊದಲೇ ಗೊತ್ತಾಗಿರುತ್ತಿತ್ತು. ಕ್ಲಬ್ಬುಗಳು ಸರದಿಯಂತೆ ಬೇಕಾದವರನ್ನು ಆರಿಸಿಕೊಳ್ಳುತ್ತಿದ್ದವು. ಹಾಗೆ ಬೆಂಗಳೂರಿನ ಪಾಲಿಗೆ ಬಂದವರಲ್ಲಿ ಭೇಕೆ ಒಬ್ಬರು. ಬಲಗಡೆಯ ಬ್ಯಾಕ್ ಆಗಿಯೂ ನಡುವಿನ ಸ್ಟಾಪರ್ ಆಗಿಯೂ ಆಡಬಲ್ಲ ಅವರು ತಂಡಕ್ಕೆ ಬಹಳ ಉಪಯುಕ್ತರಾದರು. 2018ರ ಅಂತಿಮ ಪಂದ್ಯದಲ್ಲಿ ಬೆಂಗಳೂರು ತನ್ನ ಮನೆಯಂಗಳದಲ್ಲಿಯೇ ಚೆನ್ನೈಯಿನ್‌ಗೆ 3-2ರಿಂದ ಸೋತಿತು. ಮರುವರ್ಷ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ವಿರುದ್ಧ ಮತ್ತೆ ಅಂತಿಮ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. 117ನೆಯ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಭೇಕೆ ತಲೆ ಕೊಟ್ಟರು. ಬೆಂಗಳೂರಿಗೆ ಮೊದಲ ಸೂಪರ್ ಲೀಗ್ ಕಪ್ಪು ದೊರೆಯಿತು. ತಾನು ಹುಟ್ಟಿದ ಊರಿನಲ್ಲಿ ಅನ್ನವಿತ್ತ ಊರಿಗೆ ಗೆಲುವು ತಂದುಕೊಟ್ಟರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದೇ ಜೂನ್‌ನಲ್ಲಿ ಥಾಯ್ಲೆಂಡಿನಲ್ಲಿ ಅವರು ಮೊದಲ ಬಾರಿಗೆ ಭಾರತಕ್ಕೆ ಆಡಿದರು. ಆಗ ಅವರ ವಯಸ್ಸು 28. ಇಪ್ಪತ್ತಕ್ಕೇ ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಡುವ ನಮ್ಮಂಥವರು ಈ ಸಂಖ್ಯೆಯನ್ನು ನೆನಪಿನಲ್ಲಿಡಬೇಕು.

2021ರಲ್ಲಿ ಅವರು ಮುಂಬೈ ಸಿಟಿಗೆ ಹೋದರು. 2016ರ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರನ್ನು ಸೋಲಿಸಿದ್ದುದು ಇರಾಕಿನ ವಾಯುಪಡೆಯ ತಂಡ. 2022ರ ಏಪ್ರಿಲ್ 11ರಂದು ರಿಯಾದ್‌ನಲ್ಲಿ ಅದೇ ತಂಡವನ್ನು ಮುಂಬೈ ಸಿಟಿ 2-1ರಿಂದ ಸೋಲಿಸಿತು. ಏಷ್ಯದ ಚಾಂಪಿಯನ್ಸ್ ಲೀಗಿನಲ್ಲಿ ಭಾರತದ ಕ್ಲಬ್ಬೊಂದಕ್ಕೆ ಅದು ಮೊದಲ ಜಯ. ಗೆಲುವಿನ ಗೋಲು ಮತ್ತೆ ಭೇಕೆಯವರ ತಲೆಯಿಂದಲೇ. 2024ರ ಮೇ 4ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನನ್ನು 3-1ರಿಂದ ಗೆದ್ದ ಮುಂಬೈ ತಂಡಕ್ಕೆ ಅವರೇ ನಾಯಕರು. ಆ ವರ್ಷವೇ ಅವರು ಬೆಂಗಳೂರಿಗೆ ಮರಳಿದರು.

ಹೀಗೆ ಸ್ವತಂತ್ರವಾಗಿ ಹೋಗಿಬರುವ ಹಕ್ಕು ಆಟಗಾರರಿಗೆ ಸುಮ್ಮನೆ ಬಂದುದಲ್ಲ. ಬೆಲ್ಜಿಯಂ ದೇಶದ ಬೊಸ್ಮನ್ ಎಂಬ ಆಟಗಾರನು, ಕರಾರು ಮುಗಿದ ಮೇಲೂ ಹಳೆಯ ಕ್ಲಬ್ಬು ಹಣ ಕೇಳಿ ತನ್ನನ್ನು ತಡೆಯುತ್ತಿದೆಯೆಂದು ನ್ಯಾಯಾಲಯಕ್ಕೆ ಹೋದನು. 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಈಗ ಕರಾರು ಮುಗಿದವನು ಎಲ್ಲಿಗೆ ಬೇಕಾದರೂ ಹೋಗಬಹುದು. ಕೊನೆಯ ಆರು ತಿಂಗಳಲ್ಲಿಯೇ ಬೇರೆ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಕರಾರಿನ ನಡುವೆ ಹೋಗುವುದಾದರೆ ಹೊಸ ಕ್ಲಬ್ಬು ಹಳೆಯದಕ್ಕೆ ಹಣ ಕೊಡಬೇಕು.

ಇಲ್ಲಿ ನಮ್ಮ ಊರುಗಳಿಗೆ ಸಂಬಂಧಿಸಿದ ನಿಯಮವೊಂದಿದೆ. ಫಿಫಾ ನಿಯಮದಂತೆ ಆಟಗಾರನು ದೇಶದಿಂದ ದೇಶಕ್ಕೆ ಹೋಗುವಾಗ ಕೊಡುವ ಹಣದಲ್ಲಿ ನೂರಕ್ಕೆ 5 ಪಾಲು, ಅವನ 12ರಿಂದ 23ನೆಯ ವಯಸ್ಸಿನವರೆಗೆ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಒಂದು ಕೋಟಿ ರೂಪಾಯಿಗೆ ಐದು ಲಕ್ಷವಾಯಿತು. ಒಂದು ಸಣ್ಣ ಊರಿನ ಮೈದಾನಕ್ಕೆ ಬೇಲಿ, ಬಲೆ, ಚೆಂಡು, ಬೂಟುಗಳಿಗೆ ಅದು ಎಷ್ಟು ವರ್ಷ ಸಾಲದು! ಆದರೆ ಹುಡುಗನ ಹೆಸರು ನೋಂದಣಿಯಾದ ಕ್ಲಬ್ಬಿನ ದಾಖಲೆಯಲ್ಲಿರಬೇಕು. ಹಬ್ಬದ ಪಂದ್ಯಾವಳಿಗೆ ಹಿಂದಿನ ದಿನ ಸೇರಿ ಮರುದಿನ ಚದುರುವ ತಂಡಕ್ಕೆ ಒಂದು ಕಾಸೂ ಬಾರದು.

ಇನ್ನು ತಾಯಿಯ ಪ್ರಶ್ನೆಗೆ ಬರುತ್ತೇನೆ. ಸಂಬಳ ಕೊಡುವವರಿದ್ದಾರೆಂಬುದು ನಿಜ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಭೇಕೆಯವರು ಆಡಿದ ಪುಣೆ ಸಿಟಿ 2019ರಲ್ಲಿ ಮುಚ್ಚಿಹೋಯಿತು. 2025ರಲ್ಲಿ ಲೀಗನ್ನು ನಡೆಸುವ ಒಪ್ಪಂದದ ವಿಷಯದಲ್ಲಿ ತೊಡಕುಂಟಾಗಿ, ವರ್ಷ ಕಳೆದರೂ ಸೂಪರ್ ಲೀಗ್ ಆರಂಭವಾಗಲಿಲ್ಲ. ಆ ಆಗಸ್ಟ್‌ನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ದೇಶಕ್ಕೆ ಆಡಿದವರಿಗೇ ಈ ಗತಿಯಾದರೆ ಎರಡನೆಯ ದರ್ಜೆಯ ಆಟಗಾರನ ಪಾಡೇನು? ನನ್ನ ತಂದೆ ಗೂಡಿನ ಬೆಲೆ ಬಿದ್ದ ದಿನವೂ ಒಂದಿಷ್ಟು ಕೂಲಿ ತರುತ್ತಾರೆ. ಕರಾರಿನ ಆಟಗಾರನಿಗೆ ಆ ಭರವಸೆಯೂ ಇಲ್ಲದ ತಿಂಗಳುಗಳಿವೆ.

ಹಾಗೆಂದು ಆಡುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನನ್ನ ಅಭಿಪ್ರಾಯವಿಷ್ಟು: ಹಿಂದಿನವರಿಗೆ ಕಾರ್ಖಾನೆ ಕೊಟ್ಟ ಆಸರೆಯನ್ನು ಇಂದಿನವನು ತಾನೇ ಕಟ್ಟಿಕೊಳ್ಳಬೇಕು. ಪದವಿಯನ್ನು ಅರ್ಧಕ್ಕೆ ಬಿಟ್ಟು ಚೆಂಡಿನ ಹಿಂದೆ ಹೋಗಬಾರದು. ಪದವಿಗಾಗಿ ಚೆಂಡನ್ನು ಬಿಡಲೂಬಾರದು. ಕರಾರಿಗೆ ಸಹಿ ಮಾಡುವ ಮುನ್ನ ಅದನ್ನು ಓದಿ ತಿಳಿಯುವಷ್ಟು ವಿದ್ಯೆ ಕೈಯಲ್ಲಿರಬೇಕು. ನಾನು ಈ ವರ್ಷ ಪರೀಕ್ಷೆ ಬರೆದು ಕೆಲಸ ಹುಡುಕಬೇಕಾದವನು. ಸಂಜೆ ಆಡುವುದನ್ನು ಮಾತ್ರ ಬಿಡಲಾರೆ. ಮುಂದಿನ ವರ್ಷ ತಂಡದಲ್ಲಿರುವ ತಮ್ಮಂದಿರು ಒಂದು ಕೆಲಸ ಮಾಡಬೇಕು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳಲ್ಲಿಯೂ ಒಂದೊಂದು ಕ್ಲಬ್ಬನ್ನು ಕ್ರಮವಾಗಿ ನೋಂದಾಯಿಸಿ, ಹನ್ನೆರಡು ವರ್ಷ ತುಂಬಿದ ಪ್ರತಿ ಹುಡುಗನ ಹೆಸರನ್ನೂ ಅದರಲ್ಲಿ ಬರೆಸಬೇಕು. ಅದಕ್ಕೆ ಬೇಕಾದ ಓಡಾಟದಲ್ಲಿ ನಾನೂ ಜೊತೆಗಿರುತ್ತೇನೆ.