ಕಾರಣ ತಿಳಿದ ನಿಯಮ

ಗುಂಡ್ಲುಪೇಟೆ ಕಡೆಯ ಕಾಡಂಚಿನ ಹೊಲಗಳಲ್ಲಿ ನೀವು ಸೌರಬೇಲಿಯನ್ನು ನೋಡಿರಬಹುದು. ಅದನ್ನು ಮುಟ್ಟಿದ ಆನೆ ಬೆಚ್ಚಿ ಹಿಂದೆ ಸರಿಯುತ್ತದೆ. ಅದೇ ತಂತಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಕೊಡುವುದು ಕಾನೂನುಬಾಹಿರ. ಆನೆಯನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ. ಏಕೆ?

ಮನೆಯ ವಿದ್ಯುತ್ತು 230 ವೋಲ್ಟಿನದು, ಎಡೆಬಿಡದೆ ಹರಿಯುವಂಥದು. ಹಿಡಿದ ಕೈಯ ಸ್ನಾಯು ಬಿಗಿದುಕೊಂಡು ಬಿಡಿಸಿಕೊಳ್ಳಲಾಗದು. ಸೌರಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಸುಮಾರು ಸೆಕೆಂಡಿಗೊಮ್ಮೆ ಬಂದುಹೋಗುವ ಅತಿ ಕಿರು ಮಿಡಿತ. ನಡುವಿನ ಬಿಡುವಿನಲ್ಲಿ ಪ್ರಾಣಿ ದೂರ ಸರಿಯಬಹುದು.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ರೂಪುಗೊಂಡದ್ದು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವುಂಟು. ಇಂಥ ಪ್ರಯೋಗಶಾಲೆಯಲ್ಲಿ ಚಾಮರಾಜನಗರದ ರೈತರ ಮಗಳೊಬ್ಬಳು ಬೇಲಿಯ ಮಾದರಿ ಮಾಡುತ್ತೇನೆ ಎಂದರೆ ಶಿಕ್ಷಕರು ಏನು ಹೇಳಬೇಕು? ಬೇಡ ಎನ್ನಬಾರದು, ನಿಯಮ ಹೇಳಬೇಕು.

ಮೊದಲನೆಯದು, ಸಣ್ಣ ಬ್ಯಾಟರಿ ಮಾತ್ರ; ಮಾದರಿ ಆಘಾತ ಕೊಡುವುದು ಬೇಡ, ತಂತಿ ಅಲುಗಿದಾಗ ಗಂಟೆ ಬಾರಿಸಿದರೆ ಸಾಕು. ಎರಡನೆಯದು, ಜೋಡಣೆ ಬದಲಿಸುವ ಮುನ್ನ ಬ್ಯಾಟರಿ ಕಳಚಬೇಕು. ಮೂರನೆಯದು, ಚಿತ್ರ, ಅಳತೆ, ಕೆಲಸ ಕೆಟ್ಟ ಕಾರಣ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗಂಟೆ ಬಾರಿಸದಿದ್ದರೂ ಕಾರಣ ಹುಡುಕಿದವರಿಗೆ ಅಂಕ ಸಿಗಬೇಕು. ನಾಲ್ಕನೆಯದು, ಸ್ಕ್ರೂಡ್ರೈವರ್ ಸರದಿಯಂತೆ ಎಲ್ಲರ ಕೈಗೂ ಬರಬೇಕು. ಹುಡುಗರು ಜೋಡಿಸುವುದು, ಹುಡುಗಿಯರು ಬರೆಯುವುದು ಎಂದಾಗಬಾರದು.

ಪೋಷಕರೇ, ಸಂಜೆ ಮಗುವನ್ನು ಅಂಕ ಎಷ್ಟು ಎಂದಷ್ಟೇ ಕೇಳಬೇಡಿ. ಆ ನಿಯಮ ಏಕೆ ಎಂದೂ ಕೇಳಿ. ಬರೀ ಬಾಯಿಪಾಠದ ನಿಯಮ ಶಾಲೆಯ ಬಾಗಿಲಲ್ಲೇ ಉಳಿಯುತ್ತದೆ. ಕಾರಣ ತಿಳಿದ ನಿಯಮ ನಿಮ್ಮ ಹೊಲದ ಬೇಲಿಯವರೆಗೂ ಬರುತ್ತದೆ.